ಚಪ್ಪಲಿ ಸೀನಿಲ್ಲದ ಸಿನಿಮಾ

ನಮ್ಮ ಬೀದಿಯಲ್ಲಿ ಹೊಸ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬುದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರಕ್ಕೆ ಇಸ್ತ್ರಿಯವರು ಅಂಗಡಿಯ ಬೀಗ ತೆಗೆಯುತ್ತಿದ್ದರು. ಮೊದಲ ಆಟ ನೋಡಿ, ಹೆಂಡತಿಯ ಜೊತೆ ನಡೆದು ಬಂದು, ಇಸ್ತ್ರಿಪೆಟ್ಟಿಗೆಯ ವಯರನ್ನು ಪ್ಲಗ್ಗಿಗೆ ಚುಚ್ಚಿ, ಅದು ಕಾಯುವಷ್ಟರಲ್ಲಿ ಬಾಗಿಲಲ್ಲಿ ನಿಂತವರಿಗೆ ತೀರ್ಪು ಕೊಟ್ಟು ಮುಗಿಸುತ್ತಿದ್ದರು. ಅದಕ್ಕೇ ಅವರಿಗೆ ಜಡ್ಜು ಎಂದು ಅಡ್ಡಹೆಸರು.

ತೀರ್ಪಿನ ಭಾಷೆ ಬಟ್ಟೆಯದು. "ಪಾಲಿಯೆಸ್ಟರ್ ಸಾರ್. ದೂರದಿಂದ ಮಿಂಚುತ್ತೆ, ಒಳಗೆ ಕೂತ್ರೆ ಬೆವರು" ಎಂದರೆ ನಾವು ಆ ವಾರ ಮನೆಯಲ್ಲೇ ಉಳಿಯುತ್ತಿದ್ದೆವು. "ಹತ್ತಿ. ಅಲ್ಲಲ್ಲಿ ಸುಕ್ಕಿದೆ, ಆದ್ರೆ ಮೈಗೆ ಹಿತ" ಎಂದರೆ ಶನಿವಾರ ಟಾಕೀಸಿನ ಮುಂದೆ ಸಾಲು. ಜೇಬಿರೋ ಕಡೆ ಜೇಬಿಲ್ಲ, ಇಲ್ಲದ ಕಡೆ ಎರಡಿದೆ ಎಂದು ಒಂದು ತೀರ್ಪು; ಕಾಲರ್ ಮಾತ್ರ ಗಟ್ಟಿ, ಉಳಿದದ್ದೆಲ್ಲ ಜೋತು ಎಂದು ಇನ್ನೊಂದು. ರೇಷ್ಮೆ ಎಂಬ ಮಾತು ಅವರ ಬಾಯಿಂದ ಬಂದದ್ದು ನಾನು ಕಂಡಂತೆ ಮೊದಲ ಹದಿನೇಳು ವರ್ಷದಲ್ಲಿ ನಾಲ್ಕೇ ಸಲ. ಪತ್ರಿಕೆಯಲ್ಲಿ ವಿಮರ್ಶೆ ಬರುವುದು ಭಾನುವಾರ. ಪತ್ರಿಕೆಯವರು ಸರಿಯಾಗಿ ಬರೆದಿದ್ದಾರೋ ಇಲ್ಲವೋ ಎಂದು ಪರೀಕ್ಷಿಸಲು ಮಾತ್ರ ನಾವು ಅದನ್ನು ಓದುತ್ತಿದ್ದೆವು. ಅದೇ ಪತ್ರಿಕೆಯಲ್ಲಿ ವಾರಕ್ಕೊಂದು ನಗೆಬರಹ ಬರೆಯುವವನು ನಾನು. ಅದನ್ನು ಯಾರು ಓದುತ್ತಿದ್ದರೋ ತಿಳಿಯದು; ಇಸ್ತ್ರಿಯಾದ ಅಂಗಿಗಳು ಮಾತ್ರ ತಪ್ಪದೆ ಆ ಪುಟದಲ್ಲಿ ಸುತ್ತಿಕೊಂಡು ಬರುತ್ತಿದ್ದವು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ನಡುವೆ ಒಂದು ಹಸಿರು ಪರದೆ, ಅದರಾಚೆಗೆ ಸಂಸಾರ. ಅವರ ಹೆಂಡತಿಯನ್ನು ಬೀದಿಯೆಲ್ಲ ಅಕ್ಕ ಎನ್ನುತ್ತಿತ್ತು. ಅಕ್ಕ ಪರದೆಯ ಪಕ್ಕ ಕುಳಿತು ಬಟ್ಟೆ ಬೇರ್ಪಡಿಸಿ, ಮಡಚಿ, ಗಂಟು ಕಟ್ಟುತ್ತಿದ್ದರು. ಮಾತು ಕಡಿಮೆ. ಸಿನಿಮಾದ ಬಗ್ಗೆಯಂತೂ ಅವರು ಒಂದು ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಜಡ್ಜಿನ ಜೊತೆ ಸುಮ್ಮನೆ ಹೋಗಿಬರುವವರು ಎಂದೇ ನಮ್ಮ ತಿಳಿವಳಿಕೆ.

ಮೂರು ವರ್ಷದ ಹಿಂದೆ ಅಕ್ಕನ ಕಣ್ಣು ಹೋಯಿತು. ಒಂದೇ ದಿನ ಹೋದದ್ದಲ್ಲ. ಮೊದಲು ಪಕ್ಕದ್ದು ಕಾಣದಾಯಿತು, ಆಮೇಲೆ ಎದುರಿನದು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇರುವುದು ಉಳಿದರೆ ಸಾಕು ಎಂದರು ಡಾಕ್ಟರು. ಉಳಿಯಲಿಲ್ಲ. ಅಕ್ಕ ಹದಿನೈದು ದಿನ ಪರದೆಯ ಹಿಂದೆ ಇದ್ದರು. ಹದಿನಾರನೆಯ ದಿನ ಬಂದು ಮತ್ತೆ ಬಟ್ಟೆಯ ರಾಶಿಯ ಮುಂದೆ ಕುಳಿತರು. ಬೆರಳಲ್ಲೇ ಯಾರ ಬಟ್ಟೆ ಎಂದು ಹೇಳಿಬಿಡುತ್ತಿದ್ದರು. "ಇದು ಬ್ಯಾಂಕಿನವರದ್ದು, ಜೇಬಲ್ಲಿ ಪೆನ್ನಿನ ಗಾಯ. ಇದು ರೈಟರ್ ಸಾರ್‌ದು, ಮೊಣಕೈ ಸವೆದಿದೆ. ಯೋಚನೆ ಮಾಡ್ತಾ ಮೇಜಿನ ಮೇಲೆ ಒರಗಿರ್ತಾರೆ ಪಾಪ."

"ಯೋಚನೆ ಅಲ್ಲಕ್ಕ, ನಿದ್ದೆ" ಎಂದಿದ್ದೆ.

ಆಮೇಲೆ ಇಸ್ತ್ರಿಯವರು ಒಬ್ಬರೇ ಸಿನಿಮಾಕ್ಕೆ ಹೋಗತೊಡಗಿದರು. ಅಲ್ಲಿಂದಲೇ ತೀರ್ಪುಗಳು ಕೆಡತೊಡಗಿದವು. ಹತ್ತಿ ಎಂದು ಹೇಳಿದ್ದನ್ನು ನಂಬಿ ಹೋದರೆ ಒಳಗೆ ಗೋಣಿತಟ್ಟು. ಮೂರು ವರ್ಷದಲ್ಲಿ ಆರು ಸಲ ರೇಷ್ಮೆ! ನನ್ನಾಕೆ ಆರಕ್ಕೂ ನನ್ನನ್ನು ಎಳೆದುಕೊಂಡು ಹೋದಳು. ಆರರಲ್ಲಿ ಎರಡರಲ್ಲಿ ನಾನು ನಿದ್ದೆ ಮಾಡಿದೆ, ಉಳಿದ ನಾಲ್ಕರಲ್ಲಿ ಸದ್ದಿನ ಕಾಟಕ್ಕೆ ಅದೂ ಆಗಲಿಲ್ಲ.

"ನಿಮ್ಮ ಜಡ್ಜಿಗೆ ಅರವತ್ತಾಯ್ತು, ಅರಳುಮರಳು" ಎಂದಳು ನನ್ನಾಕೆ. ಸಿನಿಮಾ ಚೆನ್ನಾಗಿದ್ದ ದಿನಗಳಲ್ಲಿ ಅವರು 'ನಮ್ಮ ಜಡ್ಜು' ಆಗಿದ್ದರು.

ವಿಷಯ ಬೀದಿಗೆ ಬಂದದ್ದು ಇಬ್ಬರು ಅಕ್ಕತಂಗಿಯರ ಕತೆಯ ಸಿನಿಮಾದಿಂದ. ಆ ಶುಕ್ರವಾರ ನನ್ನಾಕೆ ಬಟ್ಟೆ ತರಲು ಹೋದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪರದೆಯ ಹಿಂದೆ ಇಸ್ತ್ರಿಯವರು ಹೆಂಡತಿಗೆ ಸಿನಿಮಾದ ಕತೆ ಹೇಳುತ್ತಿದ್ದರು. ನನ್ನಾಕೆ ಕೆಮ್ಮಿ ಸದ್ದು ಮಾಡಬಹುದಿತ್ತು. ಮಾಡಲಿಲ್ಲ, ಪೂರ್ತಿ ಕೇಳಿ ಬಂದಳು. ಅವರು ಹೇಳಿದ ಕತೆಯಲ್ಲಿ, ಮನೆ ಜಗಳದಲ್ಲಿ ಊರು ಬಿಟ್ಟುಹೋದ ಅಕ್ಕ ಹನ್ನೆರಡು ವರ್ಷದ ಮೇಲೆ ಬಂದು ತಂಗಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಬಾಗಿಲು ಬಡಿಯಲು ಕೈ ಏಳುವುದಿಲ್ಲ. ವಾಪಸ್ಸು ಹೊರಡುತ್ತಾಳೆ. ಆಗ ಒಳಗಿನಿಂದ ತಂಗಿ, ಬಾಗಿಲೂ ತೆಗೆಯದೆ, "ಇನ್ನೂ ಚಪ್ಪಲಿ ಹಾಗೇ ಎಳ್ಕೊಂಡು ನಡೀತೀಯಲ್ಲೇ" ಎನ್ನುತ್ತಾಳೆ.

ನನ್ನಾಕೆ ಇದನ್ನು ಹೇಳುವಾಗಲೇ ಮೂಗು ಒರೆಸಿಕೊಂಡಳು. ಭಾನುವಾರದ ಹೊತ್ತಿಗೆ ಬೀದಿಯ ಅರ್ಧ ಜನ ಚಪ್ಪಲಿ ಸೀನು ನೋಡಲು ಟಾಕೀಸಿನಲ್ಲಿದ್ದರು, ನಾನೂ ಸೇರಿ. ಸಿನಿಮಾದಲ್ಲಿ ಅಕ್ಕ ಇದ್ದಳು, ತಂಗಿ ಇದ್ದಳು, ಇಬ್ಬರ ಗಂಡಂದಿರೂ ಇದ್ದರು. ಕೊನೆಯ ನಲವತ್ತು ನಿಮಿಷ ಆ ಗಂಡಂದಿರು ಒಂದು ಗೋಡೌನಿನಲ್ಲಿ ಹೊಡೆದಾಡಿದರು. ಚಪ್ಪಲಿ ಬರಲೇ ಇಲ್ಲ.

ಹೊರಗೆ ಬಂದವರು ಮ್ಯಾನೇಜರನ ಕಿಟಕಿಗೆ ಮುತ್ತಿದರು. ಮುಂದಾಳು ನನ್ನಾಕೆ.

"ಚಪ್ಪಲಿ ಸೀನ್ ಎಲ್ರೀ?"

"ಯಾವ ಚಪ್ಪಲಿ ತಾಯಿ?"

"ಕತ್ತರಿಸಿ ಬೇಗ ಮುಗಿಸಿದ್ರೆ ನಮಗೆ ಗೊತ್ತಾಗಲ್ಲ ಅನ್ಕೊಂಡ್ರಾ? ಒಳ್ಳೇದನ್ನೆಲ್ಲ ಕತ್ತರಿಸಿ ಗೋಡೌನ್ ಇಟ್ಕೊಂಡಿದ್ದೀರಲ್ಲ!"

"ಅಮ್ಮಾ, ನಾನು ಕತ್ತರಿಸೋದಾದ್ರೆ ಗೋಡೌನೇ ಕತ್ತರಿಸ್ತಿದ್ದೆ. ದಿನಾ ನಾಲ್ಕು ಆಟ ಕೇಳೋದು ನಾನು" ಎಂದ ಮ್ಯಾನೇಜರ. ಯಾರೂ ಕದಲಲಿಲ್ಲ. ಕೊನೆಗೆ ತನ್ನ ಕಾಲಿನದನ್ನೇ ಬಿಚ್ಚಿ ಕಿಟಕಿಯ ಮೇಲಿಟ್ಟ. "ಚಪ್ಪಲಿ ನೋಡ್ಲೇಬೇಕು ಅಂದ್ರೆ ಇಗೊಳ್ಳಿ, ನೋಡ್ಕೊಂಡು ಹೋಗಿ."

ಮಾರನೆಯ ದಿನ ನಾನು ಇಸ್ತ್ರಿ ಅಂಗಡಿಗೆ ಹೋದೆ. ಅಕ್ಕ ಹಿಂದಿನ ನಲ್ಲಿಯ ಹತ್ತಿರ ಇದ್ದರು. ದನಿ ತಗ್ಗಿಸಿ, "ಏನಿದು ಜಡ್ಜ್ ಸಾಹೇಬ್ರೇ, ಇಲ್ಲದ ಚಪ್ಪಲಿಗೆ ಜನ ಹೊಡೆದಾಡ್ತಿದಾರೆ" ಎಂದೆ.

ಅವರು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದರು. ಹಿತ್ತಲ ಕಡೆ ಒಮ್ಮೆ ನೋಡಿದರು.

"ನಾನು ಜಡ್ಜೂ ಅಲ್ಲ, ಏನೂ ಅಲ್ಲ ಸಾರ್. ಯಾವತ್ತೂ ಅವಳೇ. ಕೆಟ್ಟದಾದ್ರೆ ಇಂಟರ್ವಲ್ಲಲ್ಲಿ 'ಏಳ್ರೀ' ಅನ್ನೋಳು. ಒಳ್ಳೇದಾದ್ರೆ ದಾರಿಯಲ್ಲಿ ಏನೂ ಮಾತಾಡದೆ ಬಂದು, ಬೀದಿ ತಿರುವಿನಲ್ಲಿ 'ಹತ್ತಿ' ಅನ್ನೋಳು. ನಾನು ಇಲ್ಲಿ ಬಂದು ಕೂಗ್ತಿದ್ದೆ, ಅಷ್ಟೇ. ನನಗೇನು ಗೊತ್ತಾಗುತ್ತೆ? ನಂಗೆ ಎಲ್ಲಾ ಪಿಚ್ಚರ್ರೂ ಚೆನ್ನಾಗೇ ಕಾಣುತ್ತೆ, ಫ್ಯಾನ್ ತಿರುಗ್ತಿದ್ರೆ."

ಇಪ್ಪತ್ತು ವರ್ಷ ಆ ಮನುಷ್ಯನ ಅಭಿರುಚಿಗೆ ನಾನು ಒಳಗೊಳಗೇ ಕರುಬಿದ್ದೆ.

ಉಳಿದದ್ದನ್ನು ಅವರು ಅಂಗಿಯ ತೋಳು ಉಜ್ಜುತ್ತ ಹೇಳಿದರು. ಕಣ್ಣು ಹೋದ ಮೇಲೂ ಎರಡು ಸಲ ಅಕ್ಕನನ್ನು ಕರೆದುಕೊಂಡು ಹೋಗಿ, ಕಿವಿಯಲ್ಲಿ ಪಿಸುಗುಟ್ಟುತ್ತ ಸಿನಿಮಾ ತೋರಿಸಿದ್ದರು. ಮುಂದಿನ ಸಾಲಿನವನು ತಿರುಗಿ, "ಸ್ವಾಮಿ, ನಮಗೂ ಕಣ್ಣಿದೆ, ನಾವೇ ನೋಡ್ಕೋತೀವಿ" ಎಂದ. ಅಕ್ಕ ಅಲ್ಲೇ ಎದ್ದರು. ಮನೆಗೆ ಬಂದು, "ಇನ್ಮೇಲೆ ನೀವು ನೋಡ್ಕೊಂಡು ಬಂದು ಹೇಳಿ. ಬಿಟ್ಟೂ ಹೇಳ್ಬೇಡಿ, ಸೇರಿಸೀನೂ ಹೇಳ್ಬೇಡಿ. ಕೇಳಿ ನಾನು ಹೇಳ್ತೀನಿ ಹತ್ತಿಯೋ ಪಾಲಿಯೆಸ್ಟರೋ ಅಂತ" ಎಂದರು.

"ಮೊದಲನೇ ವಾರ ಇದ್ದದ್ದು ಇದ್ದ ಹಾಗೆ ಹೇಳ್ದೆ ಸಾರ್. ದರಿದ್ರ ಪಿಚ್ಚರ್ ಅದು. ಹೇಳ್ತಾ ಹೇಳ್ತಾ ಅವಳ ಮುಖ ನೋಡ್ದೆ. ವಾರವೆಲ್ಲ ಕತ್ತಲಲ್ಲಿ ಕೂತು ಶುಕ್ರವಾರಕ್ಕೆ ಕಾಯೋಳು. ಅವಳಿಗೆ ನಾನು ತಂದು ಕೊಡೋದು ಇದಾ ಅನ್ನಿಸ್ತು. ಎರಡನೇ ವಾರ ನಾಲಿಗೆ ತಾನಾಗೇ ಹೊರಳ್ತು. ಒಂದೇ ಒಂದು ಸೀನ್ ಸೇರಿಸ್ದೆ. ಮುಖ ಅರಳ್ತು. ಮುಂದಿನ ವಾರ ಎರಡು. ಈಗ ಪಿಚ್ಚರಿಂದ ತಗೊಳ್ಳೋದು ಹೆಸರು ಮಾತ್ರ."

"ಅಕ್ಕ ಅದಕ್ಕೆ ರೇಷ್ಮೆ ಅಂತಾರೆ..."

"ನಾನು ಬಂದು ಇಲ್ಲಿ ಕೂಗ್ತೀನಿ. ನೀವೆಲ್ಲ ಹೋಗಿ ಬೈತೀರಿ. ನನಗೆ ಬೈದ್ರೆ ಪರವಾಗಿಲ್ಲ ಸಾರ್. ಅವಳಿಗೆ ಕೇಳಿಸುತ್ತೆ." ಅವರು ಪರದೆಯನ್ನು ತೋರಿಸಿದರು. "ಈಗೀಗ ಕೇಳ್ತಾಳೆ, 'ರೀ, ಕಣ್ಣಿನ ಜೊತೆ ನನ್ನ ಬುದ್ಧಿನೂ ಹೋಯ್ತಾ? ನಾನು ಒಳ್ಳೇದು ಅಂದದ್ದೆಲ್ಲ ಊರಿಗೆ ಕೆಟ್ಟದಾಗ್ತಿದೆಯಲ್ಲ' ಅಂತ. ಏನಂತ ಹೇಳ್ಲಿ? ನಿನ್ನ ಬುದ್ಧಿ ಸರಿಯಾಗಿದೆ ಅನ್ಬೇಕಾದ್ರೆ ನಾನು ಸುಳ್ಳ ಅನ್ಬೇಕು. ನಾನು ಸುಳ್ಳ ಅಂದ್ರೆ ಆಮೇಲೆ ಅವಳು ಯಾರ ಕಣ್ಣಲ್ಲಿ ನೋಡ್ಬೇಕು?"

ನಾನು ಗಂಭೀರವಾಗಿ ತಲೆಯಾಡಿಸಿದೆ. ಹಾಸ್ಯ ಬರೆಯುವವರಿಗೆ ಇಂಥ ಕಡೆ ಮಾಡಲು ಬೇರೆ ಕೆಲಸವಿರುವುದಿಲ್ಲ. "ನಿಜ ಹೇಳಿಬಿಡಿ" ಎಂದೆ. ಮೆಟ್ಟಿಲಿಳಿಯುವಾಗ ತಿರುಗಿ, "ಅಥವಾ ಸ್ವಲ್ಪ ದಿನ ಬಿಟ್ಟು" ಎಂದೆ. ಎರಡೂ ಸಲಹೆ ನನ್ನವೇ.

ಅವರು ಹೇಳುವ ಮೊದಲೇ ಅಕ್ಕ ಒಂದು ಕೆಲಸ ಮಾಡಿದರು. ಟಾಕೀಸಿನ ಮ್ಯಾನೇಜರನ ಅಂಗಿಗಳೂ ಅಲ್ಲಿಗೇ ಇಸ್ತ್ರಿಗೆ ಬರುತ್ತಿದ್ದವು. ಬುಧವಾರ ಅವನು ಬಂದಾಗ ಅಕ್ಕ ತಾವೇ ಕೇಳಿದರು, "ಆ ಅಕ್ಕತಂಗಿ ಪಿಚ್ಚರ್ ನಾಳೆವರೆಗೂ ಇರುತ್ತಾಪ್ಪ?"

"ನಾಳೆ ಕೊನೇ ದಿನ ಅಕ್ಕ. ಮಧ್ಯಾಹ್ನದ ಆಟಕ್ಕೆ ನೊಣ ಕೂಡ ಬರಲ್ಲ."

"ಹಾಗಾದ್ರೆ ನಾನು ಬರ್ತೀನಿ. ಯಾರೂ ಇಲ್ಲದಿದ್ರೆ ಇವರು ಜೋರಾಗೇ ಹೇಳ್ಬಹುದು. ನನಗೆ ಆ ಚಪ್ಪಲಿ ಸದ್ದು ಒಂದು ಸಲ ಕಿವಿಯಾರೆ ಕೇಳ್ಬೇಕು. ಕೇಳಿದ ಮೇಲೆ ಗೊತ್ತಾಗುತ್ತೆ, ತಪ್ಪು ನಂದೋ ಊರಿಂದೋ ಅಂತ."

ಇಸ್ತ್ರಿಯವರು ಅಂದು ನಮ್ಮ ಮನೆಗೆ ಓಡಿಬಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ಹಾಕಿಕೊಂಡಿದ್ದ ಅಂಗಿಯಲ್ಲಿ ಸುಕ್ಕು ಕಂಡೆ. "ನೀವೂ ಬನ್ನಿ ಸಾರ್. ನೀವು ಮಾತಿನ ಮನುಷ್ಯ. ಏನಾದ್ರೂ ಆದ್ರೆ ಹೇಗಾದ್ರೂ ನಿಭಾಯಿಸ್ತೀರಿ." ನನ್ನ ಬಗ್ಗೆ ಇಷ್ಟು ದೊಡ್ಡ ತಪ್ಪು ಅಭಿಪ್ರಾಯ ಯಾರೂ ಇಟ್ಟುಕೊಂಡಿರಲಿಲ್ಲ; ಸಂತೋಷಕ್ಕೆ ಒಪ್ಪಿಕೊಂಡುಬಿಟ್ಟೆ.

ಗುರುವಾರ ಮಧ್ಯಾಹ್ನ ಐನೂರು ಕುರ್ಚಿಯ ಟಾಕೀಸಿನಲ್ಲಿ ನಾವು ಮೂವರು, ಮುಂದೆ ಎಲ್ಲೋ ಚಪ್ಪಲಿ ಬಿಚ್ಚಿಟ್ಟು ಮಲಗಿದ ಒಬ್ಬ. ನಡುವೆ ಅಕ್ಕ, ಆಚೆ ಅವರು, ಈಚೆ ನಾನು. ಮೊದಮೊದಲು ಇಸ್ತ್ರಿಯವರು ಬಣ್ಣ, ಬೀದಿ, ಮನೆ ಎಂದು ಹೇಳುತ್ತಿದ್ದರು. ಪಾತ್ರಗಳು ಬಾಯಿ ಬಿಟ್ಟ ಹಾಗೆಲ್ಲ ಅವರ ಬಾಯಿ ಕಟ್ಟುತ್ತ ಬಂತು. ಅವರು ಹೇಳಿದ್ದ ಕತೆಯ ತಂಗಿ ಮೆಲುದನಿಯವಳು. ಇಲ್ಲಿಯವಳು ಗಂಟಲು ಹರಿದುಕೊಳ್ಳುತ್ತಿದ್ದಳು.

ಇಂಟರ್ವಲ್ ಆಯಿತು. ಅಕ್ಕ 'ಏಳ್ರೀ' ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಅನ್ನಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟು ನೆಟ್ಟಗೆ ಕುಳಿತಿದ್ದರು.

ಆಮೇಲೆ ಗೋಡೌನು. ಧಡ್, ಧಡಾರ್, ಗಾಜು, ಕಬ್ಬಿಣ. ನಲವತ್ತು ನಿಮಿಷ ಆ ಸದ್ದಿನಲ್ಲಿ ಅಕ್ಕ ಒಂದು ಬಾಗಿಲಿಗಾಗಿ, ಎಳೆಯುವ ಒಂದು ಜೊತೆ ಚಪ್ಪಲಿಗಾಗಿ ಕಿವಿಗೊಟ್ಟಿದ್ದರು. ಇಸ್ತ್ರಿಯವರು ಮುಂದಿನ ಕುರ್ಚಿಯ ಬೆನ್ನಿಗೆ ಹಣೆಯಿಟ್ಟುಕೊಂಡಿದ್ದರು. ಹೆಸರುಗಳು ಬಂದು, ದೀಪ ಹತ್ತಿತು.

"ಚಪ್ಪಲಿ ಬರ್ಲಿಲ್ಲ" ಎಂದರು ಅಕ್ಕ.

ಇಸ್ತ್ರಿಯವರು ನನ್ನತ್ತ ನೋಡಿದರು. ಮಾತಿನ ಮನುಷ್ಯ ಬಾಯಿ ಬಿಟ್ಟೆ. "ಅದು ಅಕ್ಕ, ಸೆನ್ಸಾರಿನವರು... ನಿನ್ನೆ ತಾನೇ ಬಂದು ಕತ್ತರಿಸಿದ್ರಂತೆ. ಚಪ್ಪಲಿ ತೋರಿಸಬಾರದು ಅಂತ ಏನೋ ಹೊಸ ನಿಯಮ."

ಅಕ್ಕ ನನ್ನ ಕಡೆ ಮುಖ ತಿರುಗಿಸಿದರು. "ನೀವು ಪೇಪರಲ್ಲಿ ಬರೆಯೋದೂ ಹೀಗೇನಾ ಸಾರ್?"

ಆಮೇಲೆ ಗಂಡನಿಗೆ, "ಎಷ್ಟು ಪಿಚ್ಚರ್?"

"ಎಲ್ಲಾ" ಎಂದರು ಅವರು. "ಮೊದಲನೇದು ಬಿಟ್ಟು."

ತಮ್ಮ ಬುದ್ಧಿ ಸರಿಯಾಗಿಯೇ ಇದೆ ಎಂದು ಅಕ್ಕ ಸಮಾಧಾನಪಟ್ಟಾರೆಂದು ನಾನು ಎಣಿಸಿದ್ದೆ. ಅವರ ಯೋಚನೆ ಹೋದದ್ದು ಬೇರೆ ಕಡೆಗೆ. ಪರವೂರಿನಲ್ಲಿರುವ ಮಗಳಿಗೆ ಹೋದ ವರ್ಷ ಮಗುವಾಗಿತ್ತು; ಇಬ್ಬರೂ ಹೋಗಿ ಬಂದಿದ್ದರು.

"ಮಗೂಗೆ ನನ್ನದೇ ಮೂಗು ಅಂದ್ರಲ್ಲ" ಎಂದರು.

"ನಿಂದೇ ಕಣೇ! ಅದು ನಿಜ! ನಮ್ಮವ್ವನಾಣೆ ನಿಜ!"

"ಇದಕ್ಕೂ ಮುಂಚೆ ನೀವು ಆಣೆ ಇಡ್ತಿರ್ಲಿಲ್ಲ" ಎಂದು ಅಕ್ಕ ಎದ್ದರು. ಮುಂದಿನ ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ಮುಟ್ಟಿಕೊಂಡು, ಗಂಡನ ಕೈ ಹಿಡಿಯದೆ ಬಾಗಿಲಿಗೆ ನಡೆದರು.

ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಕ್ಕ ಎಂದಿನಂತೆ ಬಟ್ಟೆ ಮಡಚಿದರು, ಗಂಡನಿಗೆ ಬಡಿಸಿದರು, ಕರೆದರೆ ಓಗೊಟ್ಟರು. ಇಸ್ತ್ರಿಯವರು ಹೊರಗೆ ಮೋಡವಾಗಿದೆ ಎಂದರೆ ಮಾತ್ರ, ಬಟ್ಟೆ ತರಲು ಬಂದವರನ್ನು "ಮೋಡ ಆಗಿದೆಯೇನಮ್ಮ?" ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಅಕ್ಕ ಕೇಳುವಾಗ ಇಸ್ತ್ರಿಯವರು ಪೆಟ್ಟಿಗೆಯನ್ನು ಒಂದೇ ಜಾಗದಲ್ಲಿ ಒತ್ತಿಹಿಡಿದು ನಿಲ್ಲುತ್ತಿದ್ದರು. ಬ್ಯಾಂಕಿನವರ ಅಂಗಿ ಒಂದು ಸುಟ್ಟುಹೋದದ್ದು ಹಾಗೆ.

ಒಂದು ತಿಂಗಳಾದ ಮೇಲೆ ಇಸ್ತ್ರಿಯವರಿಗೊಂದು ಉಪಾಯ ಹೊಳೆಯಿತು: ಸಿನಿಮಾಕ್ಕೆ ನನ್ನನ್ನೂ ಕರೆದುಕೊಂಡು ಹೋಗುವುದು, ಹೆಂಡತಿಗೆ ಹೇಳುವಾಗ ನಾನು ಪಕ್ಕದಲ್ಲಿ ಕುಳಿತು ಸಾಕ್ಷಿ ಹೇಳುವುದು. ಹೀಗೆ ನಾನು ಸತತ ಏಳು ಶುಕ್ರವಾರ ಏಳು ಕೆಟ್ಟ ಸಿನಿಮಾ ನೋಡಿ, ಪರದೆಯ ಹಿಂದಿನ ಸ್ಟೂಲಿನ ಮೇಲೆ ಕುಳಿತು "ಹೌದಕ್ಕ, ಅಷ್ಟೇ ಕೆಟ್ಟದಾಗಿತ್ತು" ಎಂದೆ. ಅವರು ಒಂದು ಅಕ್ಷರ ಬಿಡದೆ, ಸೇರಿಸದೆ ಹೇಳುತ್ತಿದ್ದರು. ಅಕ್ಕ "ಪಾಲಿಯೆಸ್ಟರ್" ಎನ್ನುತ್ತಿದ್ದರು. ಬಾಗಿಲಲ್ಲಿ ತೀರ್ಪು ಕೇಳಲು ಈಗ ಯಾರೂ ನಿಲ್ಲುತ್ತಿರಲಿಲ್ಲ.

ಎಂಟನೆಯ ಶುಕ್ರವಾರ ಒಂದು ಒಳ್ಳೆಯ ಸಿನಿಮಾ ಬಂತು.

ಎಚ್ಚರಿಕೆಯೇ ಇಲ್ಲದೆ ಬಂತು. ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುವ ಒಬ್ಬನ ಕತೆ. ತಾನೇ ಓಡುವ ಹೊಸ ಲಿಫ್ಟು ಹಾಕಿ ಅವನನ್ನು ಕೆಲಸದಿಂದ ಬಿಡಿಸುತ್ತಾರೆ. ಮಾರನೆಯ ದಿನವೂ ಅವನು ಸಮವಸ್ತ್ರ ಹಾಕಿಕೊಂಡು ಬಂದು ಒಳಗೆ ನಿಲ್ಲುತ್ತಾನೆ. ಬಂದವರೆಲ್ಲ ಅವನನ್ನು ದಾಟಿ ಕೈ ಚಾಚಿ ಗುಂಡಿ ಒತ್ತಿಕೊಳ್ಳುತ್ತಾರೆ. ಕೊನೆಗೆ ಒಬ್ಬ ಮುದುಕಿ ಬರುತ್ತಾಳೆ. ಗುಂಡಿಯ ಮುಂದೆಯೇ ನಿಂತರೂ ಒತ್ತುವುದಿಲ್ಲ. ಎದುರಿಗೆ ನೋಡುತ್ತ, "ಐದು" ಎನ್ನುತ್ತಾಳೆ.

ನಾನು ಕನ್ನಡಕ ತೆಗೆದು ಒರೆಸಿದೆ. ಇಸ್ತ್ರಿಯವರು ಒರೆಸುವ ಗೋಜಿಗೂ ಹೋಗಲಿಲ್ಲ. ದಾರಿಯುದ್ದಕ್ಕೂ ಹೆಚ್ಚುಕಡಿಮೆ ಓಡಿದರು. "ಹತ್ತಿ ಅಲ್ಲ ಸಾರ್ ಇದು, ನನಗೇ ಗೊತ್ತಾಯ್ತು ನೋಡಿ!" ಎಂದು ದಾರಿಯಲ್ಲಿ ಎರಡು ಸಲ ಹೇಳಿದರು. ಮನೆಗೆ ಬಂದು, ಕಾಲೂ ತೊಳೆಯದೆ ಕುಳಿತು, ಇದ್ದದ್ದು ಇದ್ದ ಹಾಗೆ ಹೇಳಿದರು. 'ಐದು' ಎನ್ನುವಾಗ ಅವರ ದನಿ ಒಡೆಯಿತು.

ಅಕ್ಕನ ಕೈ ಅಂಗಿಯ ಮೇಲೆ ನಿಂತಿತು. "ಚೆನ್ನಾಗಿ ಹೊಲಿದಿದ್ದೀರಿ" ಎಂದರು.

"ಹೊಲಿದಿದ್ದಲ್ಲ ಕಣೇ! ಇತ್ತು ಕಣೇ! ಸಾರ್, ಹೇಳಿ!"

"ಇತ್ತಕ್ಕ. ನಾನೇ ನೋಡ್ದೆ."

"ಸೆನ್ಸಾರಿನವರು ಕತ್ತರಿಸಿದ್ದನ್ನೂ ನೀವು ನೋಡಿದ್ರಿ ಸಾರ್" ಎಂದರು ಅಕ್ಕ. ದನಿಯಲ್ಲಿ ಕೋಪವಿರಲಿಲ್ಲ. "ಹೋಗ್ಲಿ. ಆ ಅಜ್ಜಿ ಕೈಯಲ್ಲಿ ಏನಿತ್ತು?"

"ಚೀಲ" ಎಂದರು ಅವರು.

"ಛತ್ರಿ" ಎಂದೆ ನಾನು.

ಇಬ್ಬರೂ ಒಟ್ಟಿಗೇ ಹೇಳಿದ್ದೆವು. ಹೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ಈಗಲೂ ಛತ್ರಿಯೇ ಎಂದು ನೆನಪು.

ಅಕ್ಕ ಅಂಗಿಯ ಮಡಿಕೆ ಮುಗಿಸಿದರು. ಇಸ್ತ್ರಿಯವರು ಅವರ ಎದುರು ಕುಕ್ಕರಗಾಲಲ್ಲಿ ಕುಳಿತು, "ನಾಳೆ ನೀನೇ ಬಾ. 'ಐದು' ಅಂತ ಅನ್ನೋದು ನೀನೇ ಕೇಳು. ಇದೊಂದು ಸಲ ಬಾ" ಎಂದರು. ಅಕ್ಕ ಇನ್ನೊಂದು ಅಂಗಿ ಎತ್ತಿಕೊಂಡು ಕಾಲರ್ ತಡವಿದರು. "ಮೊದಲ ಆಟಕ್ಕೆ ತಾನೆ? ಸರಿ" ಎಂದರು.

ಶನಿವಾರ ಹೋದೆವು. ಟಾಕೀಸಿನ ಮೆಟ್ಟಿಲಿನ ಹತ್ತಿರ ಬರುವಾಗಲೇ ನನಗೆ ಪೋಸ್ಟರು ಕಂಡಿತು. ಹಿಂದಿನ ದಿನದ ಪೋಸ್ಟರಿನ ಮೇಲೆ ಹೊಸದೊಂದು ಅಂಟಿಸಿದ್ದರು. ಅಂಟು ಇನ್ನೂ ಹಸಿಯಾಗಿ ಇಳಿಯುತ್ತಿತ್ತು. ಅದರಲ್ಲಿ ಇಬ್ಬರು ಗಂಡಸರು ಕೈಯಲ್ಲಿ ಕಬ್ಬಿಣದ ಸರಳು ಹಿಡಿದು ನಿಂತಿದ್ದರು. ಮ್ಯಾನೇಜರನ ಕಿಟಕಿ ಇನ್ನೂ ತೆರೆದಿರಲಿಲ್ಲ. ತೆರೆದ ಮೇಲೆ ಅವನು ಹೇಳಲಿದ್ದುದೇನೆಂದು ನಮಗೆ ಗೊತ್ತಿತ್ತು: ಲಿಫ್ಟಿನ ಸಿನಿಮಾ ಒಂದೇ ದಿನಕ್ಕೆ ತೆಗೆದಾಯಿತು. ಹಿಂದಿನ ದಿನ ಒಳಗೆ ಹನ್ನೊಂದು ಜನ ಇದ್ದೆವು. ಇಸ್ತ್ರಿಯವರ ಮಾತಿಗೆ ಬೆಲೆಯಿದ್ದ ಕಾಲವಾಗಿದ್ದರೆ ಇಂದು ಸಾಲು ಇರುತ್ತಿತ್ತು.

ನಾವು ನಿಂತದ್ದು ಅಕ್ಕನಿಗೆ ಗೊತ್ತಾಯಿತು.

"ಬಂದ್ವಾ?"

"ಬಂದ್ವಿ" ಎಂದರು ಇಸ್ತ್ರಿಯವರು.

"ಪೋಸ್ಟರಲ್ಲಿ ಏನಿದೆ?"

ಇಸ್ತ್ರಿಯವರು ಪೋಸ್ಟರು ನೋಡಿದರು, ನನ್ನನ್ನು ನೋಡಿದರು. ಅವರು ಮೊದಲು ಹೇಳಲಿ, ಆಮೇಲೆ ಹೌದೆನ್ನೋಣ ಎಂದು ನಾನು ಕಾದೆ. ನಾನು ಮೊದಲು ಹೇಳಲಿ ಎಂದು ಅವರು ಕಾಯುತ್ತಿದ್ದರು. ನಮ್ಮಿಬ್ಬರ ನಡುವೆ ಅಕ್ಕ, ಮುಖವನ್ನು ಸ್ವಲ್ಪ ಮೇಲೆತ್ತಿ, ಉತ್ತರಕ್ಕೆ ನಿಂತಿದ್ದರು.